ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು: ಎರಡು ಭಾಷೆಯ ಮಕ್ಕಳು ಒಂದನೇ ತರಗತಿಗೆ ಸಿದ್ಧರಾಗುವುದು ಹೇಗೆ? ಇಲ್ಲಿದೆ ಮಾಹಿತಿ

ಮನೆಯಲ್ಲಿ ಪಟಪಟನೆ ಮಾತಾಡುವ ಮಗು ಅಂಗನವಾಡಿಗೆ ಹೋದ ಕೂಡಲೇ ಮೌನವಾಗುತ್ತದೆ. ಬೇರೆ ಮಕ್ಕಳು ಚಿತ್ರ ನೋಡಿ ಹೆಸರು ಹೇಳುವಾಗ ಸುಮ್ಮನೆ ಕೂರುತ್ತದೆ. 'ಮಗು ಸ್ವಲ್ಪ ಮಂದ' ಎಂಬ ಮಾತು ಮೊದಲು ಶಾಲೆಯಲ್ಲಿ, ನಂತರ ಮನೆಯಲ್ಲೂ ಕೇಳಿಬರುತ್ತದೆ. ಆದರೆ ಬಹಳಷ್ಟು ಸಲ ಮಗುವಿಗೆ ಗೊತ್ತಿಲ್ಲದೇ ಇರುವುದು ವಿಷಯವಲ್ಲ, ಆ ವಿಷಯಕ್ಕೆ ಶಾಲೆಯ ಭಾಷೆಯಲ್ಲಿರುವ ಹೆಸರು ಮಾತ್ರ.

ಮನೆಮಾತು ಒಂದು, ಕಲಿಕೆಯ ಭಾಷೆ ಇನ್ನೊಂದು ಆಗಿರುವ ಮಕ್ಕಳು ದೇಶದ ಎಲ್ಲ ರಾಜ್ಯಗಳಲ್ಲೂ ಇದ್ದಾರೆ. ಮಹಾರಾಷ್ಟ್ರದ ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರ ಜಿಲ್ಲೆಗಳಲ್ಲಿ ಈ ಸ್ಥಿತಿಯ ಹಲವು ರೂಪಗಳು ಒಟ್ಟಿಗೇ ಕಾಣಸಿಗುತ್ತವೆ. ಚಿಕ್ಕ ಮಕ್ಕಳ ಪದಸಂಪತ್ತು ಬೆಳೆಯುವುದು ಹೇಗೆ, ಎರಡು ಭಾಷೆ ಅದಕ್ಕೆ ತೊಡಕೋ ನೆರವೋ, ಶಾಲೆಗೆ ಸೇರುವ ಮುನ್ನ ಮನೆಯವರು ಏನು ಮಾಡಬಹುದು ಎಂಬುದರ ವಿವರ ಇಲ್ಲಿದೆ.

ಗೋದಾವರಿ ದಂಡೆಯ ಎರಡು ಜಿಲ್ಲೆ, ಹತ್ತಾರು ಮಾತು

ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಹಬ್ಬಿತ್ತು ಎಂದು 9ನೇ ಶತಮಾನದ 'ಕವಿರಾಜಮಾರ್ಗ' ಹೇಳುತ್ತದೆ. ಆ ಗೋದಾವರಿ ಹುಟ್ಟುವುದು ನಾಸಿಕ್ ಜಿಲ್ಲೆಯ ತ್ರ್ಯಂಬಕೇಶ್ವರದಲ್ಲಿ. ಅಲ್ಲಿಂದ ಹರಿದು ಸಂಭಾಜಿನಗರ ಜಿಲ್ಲೆಯ ಪೈಠಣ ಮುಟ್ಟುತ್ತದೆ. ಇಂದು ಎರಡೂ ಜಿಲ್ಲೆಗಳ ಮುಖ್ಯ ಭಾಷೆ ಮರಾಠಿ. ಸಂಭಾಜಿನಗರ ಜಿಲ್ಲೆಯಲ್ಲಿ 'ಕನ್ನಡ್' ಎಂಬ ಹೆಸರಿನ ತಾಲ್ಲೂಕೇ ಇದೆ. ಆದರೆ ಅಲ್ಲಿ ಜನ ಆಡುವುದು ಮರಾಠಿ.

2011ರ ಜನಗಣತಿಯಂತೆ ನಾಸಿಕ್ ಜಿಲ್ಲೆಯ ಜನಸಂಖ್ಯೆ 61 ಲಕ್ಷ. ಇವರಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಪರಿಶಿಷ್ಟ ಪಂಗಡದವರು. ಸುರಗಾಣಾ, ಪೇಠ, ಕಳವಣ, ತ್ರ್ಯಂಬಕೇಶ್ವರದ ಗುಡ್ಡಗಾಡಿನಲ್ಲಿ ಕೋಕಣಾ, ಭಿಲ್ಲ, ಮಹಾದೇವ ಕೋಳಿ, ವಾರ್ಲಿ ಸಮುದಾಯಗಳಿವೆ. ಮಾಲೆಗಾಂವ್, ಸಟಾಣಾ ಕಡೆಯ ಹಳ್ಳಿಗಳಲ್ಲಿ ಅಹಿರಾಣಿ ಆಡುತ್ತಾರೆ. ಮಾಲೆಗಾಂವ್ ಪಟ್ಟಣದ ಪವರ್‌ಲೂಮ್ ನೇಕಾರರ ಮನೆಗಳಲ್ಲಿ ಉರ್ದು ಇದೆ. ನಾಸಿಕ್ ನಗರದ ಸಾತ್‌ಪುರ, ಅಂಬಡ ಕೈಗಾರಿಕಾ ಪ್ರದೇಶಗಳಿಗೆ ಹೊರ ರಾಜ್ಯಗಳ ಕುಟುಂಬಗಳು ಬಂದು ನೆಲೆಸಿವೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಎಚ್‌ಎಎಲ್‌ನ ವಿಮಾನ ಘಟಕ ಇರುವುದೂ ನಾಸಿಕ್ ಬಳಿಯ ಓಝರ್‌ನಲ್ಲಿ.

ಔರಂಗಾಬಾದ್ ಎಂಬ ಹೆಸರು 2023ರಲ್ಲಿ ಛತ್ರಪತಿ ಸಂಭಾಜಿನಗರ ಎಂದು ಬದಲಾಯಿತು. 1956ರವರೆಗೆ ಈ ಊರು, ಬೀದರ್, ಕಲಬುರಗಿ, ರಾಯಚೂರು ಎಲ್ಲವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಹೀಗಾಗಿ ಕಲ್ಯಾಣ ಕರ್ನಾಟಕದವರಿಗೆ ಪರಿಚಿತವಾದ ದಖ್ಖನಿ ಉರ್ದು ಸಂಭಾಜಿನಗರದ ಓಣಿಗಳಲ್ಲೂ ಕೇಳಿಸುತ್ತದೆ. ಜಿಲ್ಲೆಯ ತಾಂಡಾಗಳಲ್ಲಿ ಬಂಜಾರಾ ಮಾತು ಜೀವಂತವಾಗಿದೆ. ವಾಳೂಜ್, ಚಿಕಲ್‌ಠಾಣಾ, ಶೇಂದ್ರಾ ಕೈಗಾರಿಕಾ ವಲಯಗಳಲ್ಲಿ ಹಿಂದಿ ಮನೆಗಳೂ ಇವೆ.

ಮರಾಠಿ ಪುಸ್ತಕದಲ್ಲಿ ತಾಯಿಗೆ 'ಆಯಿ' ಎಂದಿರುತ್ತದೆ. ಬಂಜಾರಾ ಮನೆಯಲ್ಲಿ ಆಕೆ 'ಯಾಡಿ', ಉರ್ದು ಮನೆಯಲ್ಲಿ 'ಅಮ್ಮಿ'. ಮರಾಠಿಯಲ್ಲಿ ಈರುಳ್ಳಿ 'ಕಾಂದಾ', ಉರ್ದುವಿನಲ್ಲಿ 'ಪ್ಯಾಜ್'. ಬೆಕ್ಕು ಅಲ್ಲಿ 'ಮಾಂಜರ್', ಇಲ್ಲಿ 'ಬಿಲ್ಲಿ'. ಶಾಲೆಯ ಚೀಲ ಅಲ್ಲಿ 'ದಪ್ತರ್', ಇಲ್ಲಿ 'ಬಸ್ತಾ'. ಒಂದೇ ಭಾಷೆಯೊಳಗೂ ಅಂತರವಿದೆ. ರಾಗಿಗೆ ಮಹಾರಾಷ್ಟ್ರದ ಹಲವೆಡೆ 'ನಾಚಣಿ' ಎಂದರೆ ನಾಸಿಕ್ ಕಡೆ 'ನಾಗಲಿ' ಎನ್ನುತ್ತಾರೆ. ಮಗನಿಗೆ ಪುಸ್ತಕದ ಮರಾಠಿಯಲ್ಲಿ 'ಮುಲಗಾ', ಅಹಿರಾಣಿಯಲ್ಲಿ 'ಆಂಡೋರ್'.

ಅಹಿರಾಣಿ ಆಡುವ ಮಕ್ಕಳಿಗೆ ಬೇರೊಂದು ತೊಂದರೆಯಿದೆ. ಅವರ ಮಾತು ಮರಾಠಿಗೆ ಹತ್ತಿರ. ಹಾಗಾಗಿ ಅದನ್ನು ಬೇರೆ ಮಾತು ಎಂದು ನೋಡದೆ 'ತಪ್ಪು ಮರಾಠಿ' ಎಂದು ತಿದ್ದುವ ರೂಢಿ ಇದೆ. ಉರ್ದು ಆಡುವ ಮಗುವಿಗೆ 'ಇದು ಹೊಸ ಭಾಷೆ' ಎಂಬ ರಿಯಾಯಿತಿಯಾದರೂ ಸಿಗುತ್ತದೆ. ಅಹಿರಾಣಿ ಮಗುವಿಗೆ ಅದೂ ಇಲ್ಲ. ಉತ್ತರ ಕರ್ನಾಟಕದ ಆಡುಮಾತನ್ನು ಶಾಲೆಯಲ್ಲಿ ತಿದ್ದಿಸಿಕೊಂಡು ಬೆಳೆದವರಿಗೆ ಈ ಮುಜುಗರ ಹೊಸದೇನಲ್ಲ.

ಮಗುವಿನ ಪದಸಂಪತ್ತು ಬೆಳೆಯುವ ಹಾದಿ

ಮಾತು ಆಡುವುದಕ್ಕೆ ಬಹಳ ಮೊದಲೇ ಮಗು ಮಾತು ಕೇಳಿ ಗುರುತಿಸಲು ಕಲಿಯುತ್ತದೆ. ಮೊದಲ ಹುಟ್ಟುಹಬ್ಬದ ಆಸುಪಾಸಿನಲ್ಲಿ ಮೊದಲ ಪದಗಳು ಬರುತ್ತವೆ. ಒಂದೂವರೆ ವರ್ಷದ ಹೊತ್ತಿಗೆ ಬಹಳಷ್ಟು ಮಕ್ಕಳು ಸುಮಾರು 50 ಪದ ಆಡುತ್ತಾರೆ. ಎರಡು ವರ್ಷಕ್ಕೆ ಎರಡು ಪದ ಜೋಡಿಸಿ 'ಅಮ್ಮಾ ಬಾ', 'ಹಾಲು ಬೇಡ' ಎನ್ನುತ್ತಾರೆ. ಅರ್ಥವಾಗುವ ಪದಗಳ ಸಂಖ್ಯೆ ಆಡುವ ಪದಗಳಿಗಿಂತ ಯಾವಾಗಲೂ ಹೆಚ್ಚು. ಮಕ್ಕಳ ನಡುವೆ ವ್ಯತ್ಯಾಸವೂ ದೊಡ್ಡದು. ಆದ್ದರಿಂದ ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಕೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ.

ಎರಡು ಭಾಷೆ ಕೇಳಿ ಬೆಳೆಯುವ ಮಕ್ಕಳೂ ಈ ಮೈಲಿಗಲ್ಲುಗಳನ್ನು ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ ದಾಟುತ್ತಾರೆ. ಬದಲಾಗುವುದು ಪದಗಳ ಹಂಚಿಕೆ. ಯಾವ ಭಾಷೆ ಹೆಚ್ಚು ಕಿವಿಗೆ ಬೀಳುತ್ತದೋ ಅದರಲ್ಲಿ ಹೆಚ್ಚು ಪದ, ಕಡಿಮೆ ಕೇಳುವ ಭಾಷೆಯಲ್ಲಿ ಕಡಿಮೆ ಪದ. ಅಡುಗೆಮನೆಯ ಪದಗಳು ಅಜ್ಜಿಯ ಭಾಷೆಯಲ್ಲಿ, ಆಟದ ಪದಗಳು ಓಣಿಯ ಭಾಷೆಯಲ್ಲಿ, ಬಣ್ಣ ಮತ್ತು ಅಂಕಿ ಬಾಲವಾಡಿಯ ಭಾಷೆಯಲ್ಲಿ ಇರುವುದು ಸಹಜ.

ಪದ ಎಣಿಸುವಾಗ ಆಗುವ ತಪ್ಪು

ಒಂದು ಉದಾಹರಣೆ ನೋಡಿ. ಎರಡೂವರೆ ವರ್ಷದ ಮಗುವೊಂದು ದಖ್ಖನಿಯಲ್ಲಿ 110 ಪದ, ಮರಾಠಿಯಲ್ಲಿ 90 ಪದ ಆಡುತ್ತದೆ ಎಂದುಕೊಳ್ಳಿ. ಇವುಗಳಲ್ಲಿ 40 ವಸ್ತುಗಳ ಹೆಸರು ಎರಡೂ ಭಾಷೆಯಲ್ಲಿ ಗೊತ್ತು. ಮರಾಠಿಯಲ್ಲಿ ಮಾತ್ರ ಪರೀಕ್ಷಿಸಿದರೆ ಮಗುವಿನ ಅಂಕ 90. ಆದರೆ ಅದಕ್ಕೆ ಹೆಸರು ಗೊತ್ತಿರುವ ಸಂಗತಿಗಳು 160. ಒಟ್ಟು ಪದಗಳು 200. ಒಂದೇ ಭಾಷೆಯಲ್ಲಿ ಅಳೆದವರಿಗೆ ಮಗು ಹಿಂದೆ ಬಿದ್ದಂತೆ ಕಾಣುತ್ತದೆ, ಎರಡನ್ನೂ ಲೆಕ್ಕ ಹಾಕಿದವರಿಗೆ ಹಾಗೆ ಕಾಣುವುದಿಲ್ಲ.

ಅಮೆರಿಕದ ಮಯಾಮಿಯಲ್ಲಿ ಬಾರ್ಬರಾ ಪಿಯರ್ಸನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. 8ರಿಂದ 30 ತಿಂಗಳ ವಯಸ್ಸಿನ ಸ್ಪ್ಯಾನಿಷ್–ಇಂಗ್ಲಿಷ್ ಮಕ್ಕಳ ಎರಡೂ ಭಾಷೆಗಳ ಪದಗಳನ್ನು ಸೇರಿಸಿ ನೋಡಿದಾಗ, ಒಂದೇ ಭಾಷೆಯ ಮಕ್ಕಳಿಗಿಂತ ಅವರು ಹಿಂದೆ ಇದ್ದಾರೆ ಎನ್ನಲು ಆಧಾರ ಸಿಗಲಿಲ್ಲ.

ಕೆನಡಾದ ಎಲೆನ್ ಬಿಯಾಲಿಸ್ಟಾಕ್ ತಂಡ 2010ರಲ್ಲಿ 3ರಿಂದ 10 ವರ್ಷದ 1,738 ಮಕ್ಕಳ ಇಂಗ್ಲಿಷ್ ಪದಜ್ಞಾನದ ಫಲಿತಾಂಶ ಪ್ರಕಟಿಸಿತು. ಎರಡು ಭಾಷೆಯ ಮಕ್ಕಳ ಸರಾಸರಿ ಇಂಗ್ಲಿಷ್ ಅಂಕ ಎಲ್ಲ ವಯಸ್ಸಿನಲ್ಲೂ ಸ್ವಲ್ಪ ಕಡಿಮೆ ಇತ್ತು. ಆದರೆ ಆರು ವರ್ಷದವರ ಉತ್ತರಗಳನ್ನು ಬಿಡಿಸಿ ನೋಡಿದಾಗ ಅಂತರ ಇದ್ದದ್ದು ಮುಖ್ಯವಾಗಿ ಮನೆಬಳಕೆಯ ಪದಗಳಲ್ಲಿ. ಶಾಲೆಗೆ ಸಂಬಂಧಿಸಿದ ಪದಗಳಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮ. ಆ ಮಕ್ಕಳು ಮನೆಯ ವಸ್ತುಗಳ ಹೆಸರನ್ನು ಮನೆಯ ಭಾಷೆಯಲ್ಲಿ ಕಲಿತಿದ್ದರು, ಅಷ್ಟೇ.

ಈ ಫಲಿತಾಂಶವನ್ನು ನಾಸಿಕ್‌ನ ಗುಡ್ಡಗಾಡಿಗೆ ಹಾಗೆಯೇ ಅನ್ವಯಿಸಲಾಗದು. ಕೆನಡಾದ ಆ ಮಕ್ಕಳು ಓದುತ್ತಿದ್ದುದೂ, ಊರಿನಲ್ಲಿ ಕೇಳುತ್ತಿದ್ದುದೂ ಇಂಗ್ಲಿಷ್. ಸುರಗಾಣಾದ ಒಳಹಳ್ಳಿಯಲ್ಲಿ ಮನೆಮಾತನ್ನೇ ಕೇಳಿ ಬೆಳೆದ ಮಗುವಿಗೆ ಪುಸ್ತಕದ ಮರಾಠಿ ಅಷ್ಟಾಗಿ ಕಿವಿಗೆ ಬಿದ್ದಿರುವುದಿಲ್ಲ. ಹಳ್ಳಿಯಿಂದ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವ ಮಗುವಿಗೆ ಇಂಗ್ಲಿಷ್ ಸಿಗುವುದು ತರಗತಿಯ ನಾಲ್ಕು ಗೋಡೆಗಳೊಳಗೆ ಮಾತ್ರ. ಅಲ್ಲಿ ಅಂತರ ತಾನಾಗಿ ತುಂಬಿಕೊಳ್ಳುವುದಿಲ್ಲ, ಶಾಲೆಯೇ ತುಂಬಬೇಕಾಗುತ್ತದೆ.

ಭಾರತದ ಅಧ್ಯಯನ ಏನು ಹೇಳುತ್ತದೆ?

ಎರಡು ಭಾಷೆ ಮಗುವಿನ ಬುದ್ಧಿಗೆ ಹೊರೆಯೇ ಎಂಬ ಪ್ರಶ್ನೆಗೆ ದೇಶದಲ್ಲೇ ಉತ್ತರವಿದೆ. ಮನೋವಿಜ್ಞಾನಿ ಅಜಿತ್ ಮೊಹಾಂತಿ ಒಡಿಶಾದ ಕಂಧ ಸಮುದಾಯದಲ್ಲಿ ದೀರ್ಘಕಾಲ ಅಧ್ಯಯನ ನಡೆಸಿದರು. ಆ ಸಮುದಾಯದ ಕೆಲವು ಊರುಗಳಲ್ಲಿ ಕುಯಿ ಮತ್ತು ಒಡಿಯಾ ಎರಡೂ ಇದ್ದವು, ಇನ್ನು ಕೆಲವೆಡೆ ಕುಯಿ ಮರೆಯಾಗಿ ಒಡಿಯಾ ಮಾತ್ರ ಉಳಿದಿತ್ತು. ಬಡತನ, ಸಂಸ್ಕೃತಿ ಎಲ್ಲ ಒಂದೇ ಇದ್ದ ಈ ಎರಡು ಗುಂಪಿನ ಮಕ್ಕಳನ್ನು ಹೋಲಿಸಿದಾಗ, ಭಾಷೆಯ ಬಗ್ಗೆ ಯೋಚಿಸುವ ಸಾಮರ್ಥ್ಯದಲ್ಲಿ ಮತ್ತು ಬೌದ್ಧಿಕ ಪರೀಕ್ಷೆಗಳಲ್ಲಿ ಎರಡು ಭಾಷೆಯವರೇ ಮುಂದಿದ್ದರು. ಈ ಅಧ್ಯಯನಗಳನ್ನು ಒಳಗೊಂಡ ಅವರ ಪುಸ್ತಕವನ್ನು 1994ರಲ್ಲಿ ಪ್ರಕಟಿಸಿದ್ದು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ.

ಅಪಾಯ ಇರುವುದು ಬೇರೆಡೆ. ಬೆಲ್ಜಿಯಂನ ಫ್ಲ್ಯಾಂಡರ್ಸ್ ಪ್ರದೇಶದಲ್ಲಿ ಆನ್ನಿಕ್ ಡಿ ಹೌವರ್ 1,899 ಕುಟುಂಬಗಳಿಂದ ಮಾಹಿತಿ ಪಡೆದು 2007ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಮಕ್ಕಳು ಊರಿನ ದೊಡ್ಡ ಭಾಷೆಯನ್ನು ಕಲಿಯದೇ ಉಳಿದಿರಲಿಲ್ಲ. ಆದರೆ ಸುಮಾರು ನಾಲ್ಕನೇ ಒಂದು ಭಾಗ ಕುಟುಂಬಗಳಲ್ಲಿ ಮಕ್ಕಳು ಮನೆಯ ಸಣ್ಣ ಭಾಷೆಯನ್ನು ಆಡುತ್ತಿರಲಿಲ್ಲ. ಶಾಲೆಯ ಭಾಷೆ ಕೈತಪ್ಪೀತು ಎಂದು ಪೋಷಕರು ಹೆದರುತ್ತಾರೆ. ವಾಸ್ತವದಲ್ಲಿ ಕೈತಪ್ಪುವ ಸಾಧ್ಯತೆ ಹೆಚ್ಚಿರುವುದು ಮನೆಮಾತು.

ಮಾತಾಡುವ ಭಾಷೆ ಬೇರೆ, ಪಾಠದ ಭಾಷೆ ಬೇರೆ

ಒಂದು ವರ್ಷದಲ್ಲಿ ಮಗು ಮರಾಠಿಯಲ್ಲಿ ಚೆನ್ನಾಗಿ ಮಾತಾಡತೊಡಗಿತು, ಆದರೂ ಪಾಠ ಅರ್ಥವಾಗುತ್ತಿಲ್ಲ ಎಂಬ ದೂರು ಸಾಮಾನ್ಯ. ಕೆನಡಾದ ಶಿಕ್ಷಣ ತಜ್ಞ ಜಿಮ್ ಕಮಿನ್ಸ್ 1979ರಲ್ಲೇ ಈ ಎರಡನ್ನು ಬೇರ್ಪಡಿಸಿದರು. ಆಟದ ಮೈದಾನದ ಮಾತು ಸುಮಾರು ಎರಡು ವರ್ಷದಲ್ಲಿ ಬರುತ್ತದೆ. ಹೋಲಿಸುವುದು, ಕಾರಣ ಹೇಳುವುದು, ವಿವರಿಸುವುದು ಮುಂತಾದ ಪಾಠದ ಭಾಷೆಗೆ ಐದರಿಂದ ಏಳು ವರ್ಷ ಹಿಡಿಯಬಹುದು.

'ಕಡಿಮೆ–ಹೆಚ್ಚು', 'ಮೊದಲು–ಆಮೇಲೆ', 'ಉದ್ದ–ಗಿಡ್ಡ', 'ಯಾಕೆಂದರೆ', 'ಒಂದು ವೇಳೆ' ಇಂತಹ ಪದಗಳು ಗಣಿತಕ್ಕೂ ಬೇಕು, ವಿಜ್ಞಾನಕ್ಕೂ ಬೇಕು. ಇವುಗಳ ಅರ್ಥ ಮಗುವಿಗೆ ಒಂದು ಭಾಷೆಯಲ್ಲಿ ಗಟ್ಟಿಯಾಗಿದ್ದರೆ ಇನ್ನೊಂದು ಭಾಷೆಯಲ್ಲಿ ಕಲಿಯಬೇಕಾದದ್ದು ಹೊಸ ಹೆಸರು ಮಾತ್ರ. ಲಾಸಲ್‌ಗಾಂವ್ ಸುತ್ತಿನ ಈರುಳ್ಳಿ ಬೆಳೆಗಾರರ ಮನೆಯ ಮಗುವಿಗೆ ದಪ್ಪ ಗಡ್ಡೆ, ಸಣ್ಣ ಗಡ್ಡೆ, ಕೊಳೆತದ್ದು, ಒಣಗಿದ್ದು ಎಂದು ಬೇರ್ಪಡಿಸುವುದು ನೋಡಿಯೇ ಗೊತ್ತಿರುತ್ತದೆ. ಅದನ್ನು ಬಾಯಿಬಿಟ್ಟು ಹೇಳುವ ಅವಕಾಶ ಮನೆಮಾತಿನಲ್ಲಿ ಸಿಕ್ಕರೆ ವರ್ಗೀಕರಣದ ಪಾಠದ ಅರ್ಧ ಅಲ್ಲೇ ಮುಗಿದಂತೆ.

ಓದಿನ ವಿಷಯವೂ ಹೀಗೆಯೇ. ಪರಿಚಿತ ಪದವನ್ನು ಅಕ್ಷರ ಕೂಡಿಸಿ ಓದಿದಾಗ ಮಗುವಿಗೆ 'ಓ, ಇದು ನನಗೆ ಗೊತ್ತು' ಎನಿಸುತ್ತದೆ. ಅರಿಯದ ಪದವಾದರೆ ಅದು ಬರೀ ಶಬ್ದ. ಕನ್ನಡ ಕಲಿಯುವ ಮಕ್ಕಳ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕಾಗುಣಿತ, ಒತ್ತಕ್ಷರ ಸೇರಿದ ಅಕ್ಷರ ಸಮೂಹದ ಕಲಿಕೆ ನಾಲ್ಕನೇ ತರಗತಿಯವರೆಗೂ ಮುಂದುವರಿಯುತ್ತದೆ. ದೇವನಾಗರಿಯೂ ಇದೇ ಬಗೆಯ ಲಿಪಿ. ಇಷ್ಟು ದೀರ್ಘ ಕಲಿಕೆಯ ಜೊತೆಗೆ ಪದಗಳೂ ಅಪರಿಚಿತವಾದರೆ ಮಗುವಿನ ಮೇಲೆ ಎರಡು ಹೊರೆ ಒಟ್ಟಿಗೇ ಬೀಳುತ್ತವೆ.

ಶಾಲಾ ಸಿದ್ಧತೆ ಎಂದರೆ ಏನು?

ಅ–ಆ–ಇ–ಈ ಬರೆಯಲು, ನೂರರವರೆಗೆ ಎಣಿಸಲು ಬಂದರೆ ಮಗು ಸಿದ್ಧ ಎಂಬ ನಂಬಿಕೆ ಇದೆ. ಯುನಿಸೆಫ್ ಇದನ್ನು ಮೂರು ಭಾಗವಾಗಿ ನೋಡುತ್ತದೆ: ಸಿದ್ಧವಾದ ಮಗು, ಸಿದ್ಧವಾದ ಕುಟುಂಬ, ಸಿದ್ಧವಾದ ಶಾಲೆ. ಮಗುವಿನ ಪಾಲಿಗೆ ಮಾತು ಕೇಳಿ ಅರ್ಥ ಮಾಡಿಕೊಳ್ಳುವುದು, ತನಗೆ ಬೇಕಾದ್ದನ್ನು ಹೇಳುವುದು, ಕೈ–ಕಾಲಿನ ಹಿಡಿತ, ಬೇರೆ ಮಕ್ಕಳೊಡನೆ ಹೊಂದಾಣಿಕೆ, ಬೇರ್ಪಡಿಸುವುದು, ಜೋಡಿಸುವುದು, ಎಣಿಸುವುದು ಮುಖ್ಯ. ಶಾಲೆಯ ಪಾಲಿಗೆ, ಬರುವ ಮಗುವಿನ ಮಾತು ಯಾವುದು ಎಂದು ತಿಳಿದಿರುವುದೂ ಸಿದ್ಧತೆಯೇ.

ಇದರ ಮಹತ್ವ ತಿಳಿಸುವ ದೊಡ್ಡ ಅಧ್ಯಯನವೊಂದು ಭಾರತದಲ್ಲಿ ನಡೆದಿದೆ. ದೆಹಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯ, ಅಸರ್ ಸೆಂಟರ್ ಮತ್ತು ಯುನಿಸೆಫ್ ಸೇರಿ ಅಸ್ಸಾಂ, ರಾಜಸ್ಥಾನ, ತೆಲಂಗಾಣದ ಸುಮಾರು 14,000 ಮಕ್ಕಳನ್ನು 4ನೇ ವಯಸ್ಸಿನಿಂದ 8ರವರೆಗೆ ಹಿಂಬಾಲಿಸಿದವು. 2017ರಲ್ಲಿ ಬಂದ ವರದಿಯಂತೆ, ಐದು ವರ್ಷಕ್ಕೆ ಬಹುತೇಕ ಮಕ್ಕಳ ಸಿದ್ಧತೆಯ ಮಟ್ಟ ಇರಬೇಕಾದ್ದಕ್ಕಿಂತ ಕಡಿಮೆ ಇತ್ತು. ಆ ಮಟ್ಟಕ್ಕೂ ಮುಂದಿನ ತರಗತಿಗಳ ಕಲಿಕೆಗೂ ನಂಟು ಇತ್ತು.

ಮಹಾರಾಷ್ಟ್ರದ 'ಪಹಿಲೇ ಪಾವುಲ್'

ಕೋವಿಡ್ ಕಾಲದಲ್ಲಿ ಅಂಗನವಾಡಿಗಳು ಮುಚ್ಚಿದ್ದರಿಂದ ಯಾವ ಪೂರ್ವಸಿದ್ಧತೆಯೂ ಇಲ್ಲದೆ ಮಕ್ಕಳು ಒಂದನೇ ತರಗತಿಗೆ ಬರುವಂತಾಯಿತು. 2022ರಲ್ಲಿ ಮಹಾರಾಷ್ಟ್ರ ಸರ್ಕಾರ 'ಪಹಿಲೇ ಪಾವುಲ್', ಅಂದರೆ 'ಮೊದಲ ಹೆಜ್ಜೆ' ಎಂಬ ಶಾಲಾಪೂರ್ವ ಸಿದ್ಧತಾ ಅಭಿಯಾನವನ್ನು ರಾಜ್ಯದಾದ್ಯಂತ ಆರಂಭಿಸಿತು. ಪ್ರಥಮ್ ಸಂಸ್ಥೆ ಇದರಲ್ಲಿ ಜೊತೆಯಾಯಿತು.

ಇದರ ರೀತಿ ಸರಳ. ಬೇಸಿಗೆಯಲ್ಲಿ ಶಾಲೆಯ ಅಂಗಳದಲ್ಲಿ ಒಂದು ಮೇಳ. ಒಂದನೇ ತರಗತಿಗೆ ಸೇರಲಿರುವ ಮಗು ತಾಯಿಯ ಜೊತೆ ಬಂದು ಮಳಿಗೆಯಿಂದ ಮಳಿಗೆಗೆ ಸಾಗುತ್ತದೆ. ಒಂದು ಕಡೆ ಜಿಗಿಯುವುದು, ಒಂದು ಕಡೆ ವಸ್ತು ಬೇರ್ಪಡಿಸುವುದು, ಒಂದು ಕಡೆ ಚಿತ್ರ ನೋಡಿ ಮಾತಾಡುವುದು, ಇನ್ನೊಂದು ಕಡೆ ಎಣಿಸುವುದು. ಮಗು ಏನು ಮಾಡಬಲ್ಲದು ಎಂಬುದನ್ನು ಕಾರ್ಡಿನಲ್ಲಿ ಬರೆದು ತಾಯಿಗೆ ವಿವರಿಸುತ್ತಾರೆ. ನಂತರ ಓಣಿಯ ತಾಯಂದಿರು ಗುಂಪುಗಳಾಗಿ ಸೇರಿ ಮನೆಯಲ್ಲೇ ಚಟುವಟಿಕೆ ಮಾಡಿಸುತ್ತಾರೆ. ಶಾಲೆ ಆರಂಭವಾಗುವ ಹೊತ್ತಿಗೆ ಎರಡನೇ ಮೇಳ ನಡೆದು ಎಷ್ಟು ಬದಲಾಯಿತು ಎಂದು ನೋಡುತ್ತಾರೆ.

ತಾಯಂದಿರ ಗುಂಪಿಗೆ ಓದು ಬರಹ ಕಡ್ಡಾಯವಲ್ಲ. ಕಾಳು ಬೇರ್ಪಡಿಸುವುದು, ಪಾತ್ರೆ ಗಾತ್ರದಂತೆ ಜೋಡಿಸುವುದು, ಕಥೆ ಹೇಳುವುದು ಎಲ್ಲವೂ ಮನೆಯಲ್ಲೇ ಆಗುವಂಥವು. ಮುಖ್ಯವಾಗಿ, ಇವನ್ನು ತಾಯಿ ತನ್ನದೇ ಮಾತಿನಲ್ಲಿ ಮಾಡಿಸಬಹುದು. ಅಹಿರಾಣಿಯೋ ಬಂಜಾರಾವೋ ಕೋಕಣಿಯೋ, ಯಾವುದಾದರೂ ಸರಿ. ಶಾಲೆಯ ಭಾಷೆ ಗೊತ್ತಿಲ್ಲದ ತಾಯಿಯೂ ಮಗುವನ್ನು ಶಾಲೆಗೆ ಸಿದ್ಧಪಡಿಸಬಲ್ಲಳು ಎಂಬುದನ್ನು ಈ ವಿಧಾನ ಒಪ್ಪಿಕೊಳ್ಳುತ್ತದೆ.

ನೀತಿ, ಕಾನೂನು ಏನು ಹೇಳುತ್ತವೆ?

1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯ ಪ್ರಕಾರ, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ರಾಜ್ಯಗಳು ಸೌಲಭ್ಯ ಒದಗಿಸಲು ಯತ್ನಿಸಬೇಕು. ಶಿಕ್ಷಣ ಹಕ್ಕು ಕಾಯ್ದೆ 2009 ಕೂಡ ಸಾಧ್ಯವಾದಷ್ಟೂ ಮಾತೃಭಾಷೆಯಲ್ಲಿ ಕಲಿಸಬೇಕು ಎನ್ನುತ್ತದೆ. ರಾಷ್ಟ್ರೀಯ ಶಿಕ್ಷಣ ನೀತಿ 2020, ಸಾಧ್ಯವಿರುವ ಕಡೆ ಕನಿಷ್ಠ 5ನೇ ತರಗತಿಯವರೆಗೆ ಮನೆಮಾತು ಅಥವಾ ಸ್ಥಳೀಯ ಭಾಷೆಯಲ್ಲಿ ಬೋಧನೆಗೆ ಶಿಫಾರಸು ಮಾಡಿದೆ. 3ರಿಂದ 8 ವರ್ಷವನ್ನು ಒಂದೇ 'ಬುನಾದಿ ಹಂತ'ವಾಗಿ ನೋಡುವ ಪಠ್ಯಕ್ರಮ ಚೌಕಟ್ಟು 2022ರ ಅಕ್ಟೋಬರ್‌ನಲ್ಲಿ ಬಂತು. ಒಂದನೇ ತರಗತಿಯ ಮೊದಲ ಮೂರು ತಿಂಗಳಿಗೆಂದು ಆಟ ಆಧಾರಿತ 'ವಿದ್ಯಾ ಪ್ರವೇಶ' ಎಂಬ ಕಾರ್ಯಕ್ರಮ 2021ರಿಂದಲೇ ಇದೆ.

ಭಾಷೆ ಎಷ್ಟು ಸೂಕ್ಷ್ಮ ಎಂಬುದನ್ನು ಮಹಾರಾಷ್ಟ್ರ 2025ರಲ್ಲಿ ಕಂಡಿತು. ಒಂದನೇ ತರಗತಿಯಿಂದಲೇ ಹಿಂದಿಯನ್ನು ಮೂರನೇ ಭಾಷೆಯಾಗಿ ಕಲಿಸುವ ಆದೇಶ ಏಪ್ರಿಲ್ 16ರಂದು ಹೊರಬಿತ್ತು. ಭಾರಿ ವಿರೋಧದ ನಂತರ ಜೂನ್‌ನಲ್ಲಿ ತಿದ್ದುಪಡಿಯಾಯಿತು, ಜೂನ್ 29ರಂದು ಎರಡೂ ಆದೇಶಗಳನ್ನು ಹಿಂಪಡೆದು ನರೇಂದ್ರ ಜಾಧವ್ ನೇತೃತ್ವದ ಸಮಿತಿ ರಚಿಸುವುದಾಗಿ ಸರ್ಕಾರ ಪ್ರಕಟಿಸಿತು. ಚರ್ಚೆ ನಡೆದದ್ದು ಮರಾಠಿ, ಹಿಂದಿ, ಇಂಗ್ಲಿಷ್ ಸುತ್ತ. ಗುಡ್ಡಗಾಡಿನ ಮಗುವಿಗೆ ಇದಾವುದೂ ಮನೆಮಾತಲ್ಲದೇ ಇರಬಹುದು ಎಂಬುದು ಅಷ್ಟಾಗಿ ಮುನ್ನೆಲೆಗೆ ಬರಲಿಲ್ಲ.

ಮನೆಮಾತಿನಿಂದ ಆರಂಭಿಸಿ ಕ್ರಮೇಣ ರಾಜ್ಯಭಾಷೆಗೆ ದಾಟಿಸುವ ಮಾದರಿ ದೇಶಕ್ಕೆ ಹೊಸದಲ್ಲ. ಒಡಿಶಾ 2006–07ರ ಸುಮಾರಿಗೆ 10 ಬುಡಕಟ್ಟು ಭಾಷೆಗಳಲ್ಲಿ ಬಹುಭಾಷಾ ಶಿಕ್ಷಣ ಆರಂಭಿಸಿ ನಂತರ ಅದನ್ನು 21 ಭಾಷೆಗೆ ವಿಸ್ತರಿಸಿತು.

ಗುಳೆ ಹೋಗುವ ಮಕ್ಕಳ ಮೂರನೇ ಭಾಷೆ

ಮರಾಠವಾಡಾದ ಕಬ್ಬು ಕಟಾವು ಕಾರ್ಮಿಕರು ದೀಪಾವಳಿ ಆಸುಪಾಸಿನಲ್ಲಿ ಊರು ಬಿಟ್ಟು ಮಾರ್ಚ್–ಏಪ್ರಿಲ್‌ವರೆಗೆ ಕಾರ್ಖಾನೆಗಳ ಸುತ್ತ ಇರುತ್ತಾರೆ. ಪಶ್ಚಿಮ ಮಹಾರಾಷ್ಟ್ರದ ಜೊತೆಗೆ ಉತ್ತರ ಕರ್ನಾಟಕದ ಬೆಳಗಾವಿ, ಬಾಗಲಕೋಟೆ ಕಡೆಗೂ ಈ ಗ್ಯಾಂಗ್‌ಗಳು ಬರುತ್ತವೆ. ಚಿಕ್ಕ ಮಕ್ಕಳು ಜೊತೆಗಿರುತ್ತಾರೆ. ತಾಂಡಾದ ಮಗುವಿಗೆ ಮನೆಯಲ್ಲಿ ಬಂಜಾರಾ, ಊರ ಶಾಲೆಯಲ್ಲಿ ಮರಾಠಿ, ಕಬ್ಬಿನ ಗದ್ದೆಯ ಬಳಿ ಕನ್ನಡ.

ಆ ಮಗುವಿಗೆ ಕಷ್ಟ ಭಾಷೆಗಳ ಸಂಖ್ಯೆಯಿಂದಲ್ಲ. ವರ್ಷದ ಐದಾರು ತಿಂಗಳು ಶಾಲೆಯ ಭಾಷೆ ಸಂಪೂರ್ಣ ತುಂಡಾಗುವುದರಿಂದ. ಕಲಿತ ಪದ ಬಳಸದೇ ಇದ್ದರೆ ಚಿಕ್ಕ ವಯಸ್ಸಿನಲ್ಲಿ ಬೇಗ ಮರೆಯುತ್ತದೆ. ಇಂತಹ ಮಕ್ಕಳನ್ನು ಹತ್ತಿರದ ಅಂಗನವಾಡಿಗೆ ಸೇರಿಸಿಕೊಳ್ಳುವುದು ಕರ್ನಾಟಕದ ಗಡಿ ಜಿಲ್ಲೆಗಳಿಗೂ ಸಂಬಂಧಿಸಿದ ಕೆಲಸ.

ಮಹಾರಾಷ್ಟ್ರದಲ್ಲಿರುವ ಕನ್ನಡ ಮನೆಗಳಿಗೆ

2011ರ ಜನಗಣತಿಯಲ್ಲಿ ಮಹಾರಾಷ್ಟ್ರದ ಸುಮಾರು 10 ಲಕ್ಷ ಜನ ಕನ್ನಡವನ್ನು ಮಾತೃಭಾಷೆ ಎಂದು ಬರೆಸಿದ್ದಾರೆ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ನಾಸಿಕ್ ಅಥವಾ ಸಂಭಾಜಿನಗರದಂತಹ ಊರಿನಲ್ಲಿ ನೆಲೆಸಿದ ಕನ್ನಡ ಕುಟುಂಬಕ್ಕೆ ಆ ನೆರೆಹೊರೆ ಇರುವುದಿಲ್ಲ. ಮಗುವಿಗೆ ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ–ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. 2020ರ ರಾಜ್ಯ ಕಾಯ್ದೆಯಂತೆ ಸಿಬಿಎಸ್‌ಇ ಸೇರಿ ಎಲ್ಲ ಶಾಲೆಗಳಲ್ಲೂ 10ನೇ ತರಗತಿವರೆಗೆ ಮರಾಠಿ ಕಡ್ಡಾಯ.

ಇಲ್ಲಿ ಕನ್ನಡಕ್ಕೆ ಒಂದು ಅನುಕೂಲವಿದೆ. ಎರಡು ಭಾಷೆಗಳಲ್ಲಿ ಹೋಲುವ ಪದಗಳನ್ನು ಮಕ್ಕಳು ಬೇಗ ಹಿಡಿಯುತ್ತಾರೆ. ತುಪ್ಪ ಮರಾಠಿಯಲ್ಲಿ 'ತೂಪ್', ಕಿಟಕಿ 'ಖಿಡಕಿ', ಕತ್ತರಿ 'ಕಾತ್ರಿ', ಗಾಡಿ ಎರಡರಲ್ಲೂ ಗಾಡಿ. ಇಂತಹ ಜೋಡಿಗಳನ್ನು ಆಟದಂತೆ ತೋರಿಸಿದರೆ ಮಗು ತಾನೇ ಹುಡುಕಲು ಶುರುಮಾಡುತ್ತದೆ.

ಪೋಷಕರು ಮನೆಯಲ್ಲಿ ಏನು ಮಾಡಬಹುದು?

* ತಮಗೆ ಸಲೀಸಾಗಿ ಬರುವ ಭಾಷೆಯಲ್ಲೇ ಮಾತಾಡಿ. ಅರೆಬರೆ ಇಂಗ್ಲಿಷ್‌ನಲ್ಲಿ 'ಕಮ್, ಸಿಟ್, ಈಟ್' ಎನ್ನುವುದಕ್ಕಿಂತ ಮನೆಮಾತಿನ ಪೂರ್ಣ ವಾಕ್ಯಗಳಿಂದ ಮಗುವಿಗೆ ಹೆಚ್ಚು ಪದ ಸಿಗುತ್ತದೆ.

* ಮಗು ಹೇಳಿದ್ದನ್ನು ಬೆಳೆಸಿ. ಮಗು 'ಬಸ್ಸು' ಎಂದರೆ 'ಹೌದು, ಕೆಂಪು ಬಸ್ಸು, ಎಷ್ಟು ಜೋರಾಗಿ ಹೋಯಿತು ನೋಡು' ಎನ್ನಿ. ಪದಗಳ ಲೆಕ್ಕಕ್ಕಿಂತ ಮಾತಿಗೆ ಮಾತು ಕೂಡುವುದು ಮುಖ್ಯ.

* ಚಿತ್ರಪುಸ್ತಕ ಯಾವ ಭಾಷೆಯದಾದರೂ ಇರಲಿ, ಕಥೆ ಮನೆಮಾತಿನಲ್ಲಿ ಹೇಳಿ. 'ಏನಿದು?' ಎಂದಷ್ಟೇ ಕೇಳದೆ 'ಅವನು ಯಾಕೆ ಅಳುತ್ತಿದ್ದಾನೆ?', 'ಮುಂದೆ ಏನಾಗಬಹುದು?' ಎಂದೂ ಕೇಳಿ.

* ಶಾಲೆ ಸೇರುವ ಕೆಲವು ತಿಂಗಳ ಮುಂಚೆ ಅಲ್ಲಿನ ಭಾಷೆಯ ಅಗತ್ಯದ ಮಾತುಗಳನ್ನು ಕಲಿಸಿ: ನೀರು ಬೇಕು, ಶೌಚಾಲಯಕ್ಕೆ ಹೋಗಬೇಕು, ಹೊಟ್ಟೆ ನೋಯುತ್ತಿದೆ, ನನಗೆ ಅರ್ಥವಾಗಲಿಲ್ಲ. ಇಷ್ಟು ಗೊತ್ತಿದ್ದರೆ ಮಗುವಿನ ಅರ್ಧ ಭಯ ಕಡಿಮೆಯಾಗುತ್ತದೆ.

* ಮನೆಯಲ್ಲಿ ಆಡುವ ಭಾಷೆ ಯಾವುದು ಎಂದು ಶಿಕ್ಷಕರಿಗೆ ಮೊದಲ ದಿನವೇ ತಿಳಿಸಿ. ಮಗು ಬಳಸುವ ಹತ್ತಿಪ್ಪತ್ತು ಪದಗಳ ಪಟ್ಟಿ ಕೊಟ್ಟರೆ ಇನ್ನೂ ಒಳ್ಳೆಯದು.

* ಮೊಬೈಲ್ ಮಾತು ಕಲಿಸುತ್ತದೆ ಎಂದು ನಂಬಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ ಒಂದು ವರ್ಷದ ಮಗುವಿಗೂ ಸ್ಕ್ರೀನ್ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು.

ಸಾಮಾನ್ಯ ತಪ್ಪು ಕಲ್ಪನೆಗಳು

ಎರಡು ಭಾಷೆ ಕೇಳಿದರೆ ಮಾತು ತಡವಾಗುತ್ತದೆಯೇ? ಇಲ್ಲ. ಎರಡು ಭಾಷೆಯ ಮಕ್ಕಳಲ್ಲೂ ಮಾತು ತಡವಾಗಬಹುದು, ಆದರೆ ಕಾರಣ ಎರಡು ಭಾಷೆಯಲ್ಲ. ಒಂದು ಭಾಷೆ ನಿಲ್ಲಿಸಿದರೆ ಮಾತು ಬರುತ್ತದೆ ಎಂಬುದಕ್ಕೂ ಆಧಾರವಿಲ್ಲ.

ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸುವುದು ಗೊಂದಲವೇ? ಅಲ್ಲ. ದೊಡ್ಡವರೂ ದಿನವಿಡೀ ಬೆರೆಸುತ್ತಾರೆ. ಒಂದು ಭಾಷೆಯಲ್ಲಿ ಪದ ಸಿಗದಾಗ ಇನ್ನೊಂದರಿಂದ ತರುವುದು ಮಗುವಿನ ಜಾಣತನ.

ಹೊಸ ಶಾಲೆಯಲ್ಲಿ ಮಾತಾಡದಿದ್ದರೆ? ಹೊಸ ಭಾಷೆಯ ಪರಿಸರಕ್ಕೆ ಬಂದ ಮಗು ಕೆಲವು ವಾರ, ಕೆಲವೊಮ್ಮೆ ತಿಂಗಳುಗಳ ಕಾಲ ಸುಮ್ಮನಿರುವುದು ಸಾಮಾನ್ಯ. ಆ ಅವಧಿಯಲ್ಲಿ ಅದು ಕೇಳಿಸಿಕೊಳ್ಳುತ್ತಿರುತ್ತದೆ. ಮನೆಯಲ್ಲಿ ಎಂದಿನಂತೆ ಮಾತಾಡುತ್ತಿದೆಯೇ ಎಂಬುದನ್ನು ಗಮನಿಸಬೇಕು.

ಯಾವಾಗ ವೈದ್ಯರನ್ನು ಕಾಣಬೇಕು?

'ಎರಡು ಭಾಷೆ ಇದೆ, ನಿಧಾನವಾಗಿ ಬರುತ್ತದೆ' ಎಂದು ನಿಜವಾದ ತೊಂದರೆಯನ್ನು ಕಡೆಗಣಿಸುವುದೂ ಅಪಾಯ. ಒಂದು ವರ್ಷವಾದರೂ ತೊದಲು ಶಬ್ದ ಇಲ್ಲದಿದ್ದರೆ, 16 ತಿಂಗಳಾದರೂ ಯಾವ ಭಾಷೆಯಲ್ಲೂ ಒಂದೂ ಪದ ಬಾರದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಜೋಡಿಸದಿದ್ದರೆ, ಬಂದ ಮಾತು ನಿಂತುಹೋದರೆ ಅಥವಾ ಕರೆದರೆ ತಿರುಗಿ ನೋಡದಿದ್ದರೆ ತಡಮಾಡಬಾರದು. ಮೊದಲು ಆಗಬೇಕಾದದ್ದು ಕಿವಿಯ ಪರೀಕ್ಷೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ. ಅಂಗನವಾಡಿ ಮೂಲಕ ಇದನ್ನು ಕೇಳಿ ಪಡೆಯಬಹುದು. ಹೆಚ್ಚಿನ ಪರೀಕ್ಷೆಗೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಮುಂಬೈನಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇವೆ. ಪರೀಕ್ಷೆ ಮಾಡುವವರಿಗೆ ಮಗುವಿನ ಎರಡೂ ಭಾಷೆಗಳ ವಿವರ ಕೊಡಬೇಕು. ಒಂದೇ ಭಾಷೆಯಲ್ಲಿ ಪರೀಕ್ಷಿಸಿದರೆ ಸರಿಯಿರುವ ಮಗುವಿಗೆ ತೊಂದರೆಯ ಹಣೆಪಟ್ಟಿ ಬೀಳಬಹುದು, ತೊಂದರೆ ಇರುವ ಮಗು ಗಮನಕ್ಕೆ ಬಾರದೆಯೂ ಉಳಿಯಬಹುದು.

ತರಗತಿಯಲ್ಲಿ ಸಾಧ್ಯವಿರುವ ಬದಲಾವಣೆ

ಒಂದೇ ತರಗತಿಯಲ್ಲಿ ಮೂರು ಮನೆಮಾತಿನ ಮಕ್ಕಳಿದ್ದರೆ ಶಿಕ್ಷಕಿ ಮೂರನ್ನೂ ಕಲಿಯಲಾರರು. ಆದರೆ ದಿನದ ಪಾಠದ ಐದಾರು ಮುಖ್ಯ ಪದಗಳಿಗೆ 'ನಿಮ್ಮ ಮನೆಯಲ್ಲಿ ಇದಕ್ಕೆ ಏನನ್ನುತ್ತಾರೆ?' ಎಂದು ಕೇಳಬಹುದು. ಉತ್ತರಗಳನ್ನು ಗೋಡೆಯ ಮೇಲೆ ಬರೆಯಬಹುದು. ಮೊದಲ ಉತ್ತರ ಮನೆಮಾತಿನಲ್ಲಿ ಬಂದರೆ ಅದನ್ನು ಸರಿ ಎಂದು ಒಪ್ಪಿ, ನಂತರ ಶಾಲೆಯ ಪದ ಸೇರಿಸಬಹುದು. ಅದೇ ಮಾತು ಬಲ್ಲ ಅಂಗನವಾಡಿ ಸಹಾಯಕಿ ಅಥವಾ ತಾಯಿಯೊಬ್ಬರು ವಾರಕ್ಕೊಮ್ಮೆ ಬಂದು ಕಥೆ ಹೇಳಬಹುದು.

ಇದಕ್ಕೆ ಹೊಸ ಕಟ್ಟಡವೋ ಹೊಸ ಪುಸ್ತಕವೋ ಬೇಕಿಲ್ಲ. ಮಗು ಬಾಯಿ ತೆರೆಯದಿದ್ದಾಗ 'ಇದಕ್ಕೆ ಏನೂ ಬರುವುದಿಲ್ಲ' ಎಂದು ತೀರ್ಮಾನಿಸುವ ಮುನ್ನ, ಅದೇ ಪ್ರಶ್ನೆಯನ್ನು ಅದರ ಮನೆಮಾತಿನಲ್ಲಿ ಒಮ್ಮೆ ಕೇಳಿಸುವ ವ್ಯವಸ್ಥೆ ಇದ್ದರೆ ಸಾಕು. ಒಂದನೇ ತರಗತಿಯಲ್ಲಿ ಅಂಟಿದ ಹಣೆಪಟ್ಟಿ ಬಿಡಿಸುವುದು ಕಷ್ಟ. ಅದು ಅಂಟದಂತೆ ನೋಡಿಕೊಳ್ಳಲು ಸಿಗುವ ಕಾಲ ಮೂರರಿಂದ ಆರು ವರ್ಷದವರೆಗಿನ ಈ ಅವಧಿ.